ಬಲಕ್ಕೆ ಹಾಕಿದರೆ ಎಡಕ್ಕೆ

ಕಾಮಗೆರೆಯ ದೊಡ್ಡಮಾದಪ್ಪ ವೈರಿಂಗ್ ಕೆಲಸಕ್ಕೆ ಕೂತನೆಂದರೆ ಮೊದಲು ಬೀಡಿ ಆರಿಸುತ್ತಿದ್ದ, ಆಮೇಲೆ ಮಾತು ನಿಲ್ಲಿಸುತ್ತಿದ್ದ. ಹನೂರು ರಸ್ತೆಯ ಬದಿಯ ಅವನ ಶೀಟಿನ ಅಂಗಡಿಗೆ ಆಟೊ, ಜೀಪು, ಟ್ರ್ಯಾಕ್ಟರು ಎಲ್ಲವೂ ಬರುತ್ತಿದ್ದವು. ಪಕ್ಕದಲ್ಲೇ ಹೆಂಡತಿ ಗುರುಸಿದ್ದಮ್ಮ ಹೂವು ಕಟ್ಟಿ ಮಾರುತ್ತಿದ್ದಳು.

ಐವತ್ತೈದು ದಾಟಿದ ಮೇಲೆ ಮಾದಪ್ಪನ ಕಣ್ಣಿಗೆ ಪೊರೆ ಬರತೊಡಗಿತು. ನೀಲಿ ವೈರು ಯಾವುದು, ಹಸಿರು ಯಾವುದು ಎಂದು ಬಿಸಿಲಿಗೆ ಹಿಡಿದು ನೋಡಬೇಕಾಗುತ್ತಿತ್ತು. ಯಾರಿಗೂ ಹೇಳಲಿಲ್ಲ. ಕಣ್ಣು ಮಂಜಾಯಿತೆಂದು ಸುದ್ದಿಯಾದರೆ ಯಾರು ತಾನೇ ಗಾಡಿ ತಂದಾರು?

ಅಂಥ ದಿನಗಳಲ್ಲೇ ರಾಮಾಪುರದ ಅಡುಗೆ ಕಂಟ್ರಾಕ್ಟರ್ ನಿಂಗರಾಜು ಬಂದ. ಜೀಪಿನ ಹಿಂದಿನ ಹುಕ್ಕಿಗೆ ಕಬ್ಬಿಣದ ಕ್ಯಾರಿಯರ್ ಕೂಡಿಸಿದ್ದ. ಅದರ ಮೇಲೆ ಕಡಾಯಿ, ಕೊಳಗ ಪೇರಿಸಿದರೆ ಜೀಪಿನ ಹಿಂದಿನ ದೀಪಗಳೆಲ್ಲ ಮರೆಯಾಗುತ್ತಿದ್ದವು.

"ಕ್ಯಾರಿಯರ್‌ಗೇ ಬ್ಯಾರೆ ಲೈಟ್ ಆಕ್ಕೊಡಣ್ಣೋ. ಬ್ರೇಕು, ಇಂಡಿಕೇಟ್ರು, ಎಲ್ಲಾನೂವೆ. ಬ್ಯಾಗ ಮಾಡು, ಮದ್ವೆ ಮನೇಗ್ ಓಗ್ಬೇಕು."

ಮಾದಪ್ಪ ಜೀಪಿನ ದೀಪದ ವೈರುಗಳಿಂದ ಕವಲು ತೆಗೆದು ಕ್ಯಾರಿಯರ್‌ವರೆಗೂ ಎಳೆದ. ಜೋಡಿಸಿ, ಟೇಪು ಸುತ್ತಿ, ಇಂಡಿಕೇಟರುಗಳೆಲ್ಲ ಒಟ್ಟಿಗೆ ಮಿನುಗುವ ಸ್ವಿಚ್ಚು ಒತ್ತಿದ. ಎರಡೂ ಬದಿ ಮಿನುಗಿದವು. ಬ್ರೇಕ್ ಲೈಟೂ ಹತ್ತಿತು. ಒಂದೊಂದೇ ಬದಿ ಹಾಕಿ ನೋಡುವಷ್ಟು ತಾಳ್ಮೆ ನಿಂಗರಾಜುವಿಗಿರಲಿಲ್ಲ, ಮಾದಪ್ಪನೂ ಒತ್ತಾಯಿಸಲಿಲ್ಲ.

ಮಾರನೆಯ ಬೆಳಿಗ್ಗೆ ಜೀಪು ಮತ್ತೆ ಬಂದು ನಿಂತಿತು. ಒಂದು ಕಡಾಯಿ ನೆಗ್ಗಿತ್ತು.

"ಅಣ್ಣೋ, ಬಲುಕ್ ಆಕುದ್ರೆ ಎಡುಕ್ ಮಿಣುಕ್ತದೆ ಕಣಣ್ಣೋ," ಎಂದ ನಿಂಗರಾಜು. "ನಾನು ಬಲುಕ್ ತಿರುಗುಸ್ದೆ. ಇಂದಿದ್ದ ಬೈಕ್‌ನೋನು ಇವ್ನು ಎಡುಕ್ ಓಯ್ತಾನೆ ಅನ್ಕಂಡು ಬಲುಗಡಿಂದ ನುಗ್ಬುಟ್ಟ."

ಮಾದಪ್ಪ ಬೀಡಿ ಎಸೆದು ಹತ್ತಿರ ಬಂದ. "ಅವ್ನಿಗೇನಾಯ್ತ್ಲಾ?"

"ಬಿದ್ದ. ಮಂಡಿ ತರಚ್ಕತ್ತು, ಅಷ್ಟೆಯ. ಟೀ ಕುಡ್ಸಿ ಕಳುಸ್ದೆ."

ನಿಂಗರಾಜು ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಮಾದಪ್ಪ ಹಳೆಯ ಟೈರಿನ ಮೇಲೆ ಕುಸಿದು ಕೂತ. ಕಟ್ಟುತ್ತಿದ್ದ ಹೂವು ಬಿಟ್ಟು ಗುರುಸಿದ್ದಮ್ಮ ಎದ್ದು ಬಂದಳು.

"ಅಂಗಡಿ ಮುಚ್ಬುಡಮ ಕಣಮ್ಮಿ. ನೀಲಿ, ಅಸುರು ಎಲ್ಲಾ ಒಂದೇ ತರ ಕಾಣ್ತವೆ ನಂಗೆ."

"ನಂಗೊತ್ತು. ನನ್ ನೀಲಿ ಸೀರೇನ ಅಸುರು ಅಂದ್ರಲ್ಲ, ಅವತ್ತೇ ಗೊತ್ತಾಯ್ತು. ನೀವೇ ಬಾಯ್ಬುಡ್ಲಿ ಅಂತ ಸುಮ್ಕಿದ್ದೆ," ಎಂದು ಆಕೆ ಜೀಪಿನ ಹಿಂದೆ ಕುಕ್ಕರುಗಾಲಲ್ಲಿ ಕೂತಳು. "ಯಾವ್ ಬಣ್ಣ ಎತ್ಲಾಗ್ ಓಗ್ಬೇಕು, ಅದ್ನೇಳಿ."

"ನೀಲಿ ಎಡುಕ್ಕೆ, ಅಸುರು ಬಲುಕ್ಕೆ."

ಗುರುಸಿದ್ದಮ್ಮ ಹೂವು ಕಟ್ಟುವ ಬಾಳೆನಾರನ್ನು ಸೀಳಿ, ನೀಲಿ ವೈರಿಗೆ ಒಂದು ಗಂಟು, ಹಸಿರಿಗೆ ಎರಡು ಗಂಟು ಹಾಕಿದಳು. ಮಾದಪ್ಪ ಹಳೆಯ ಟೇಪು ಬಿಚ್ಚಿ, ಗಂಟನ್ನು ಬೆರಳಲ್ಲಿ ಸವರಿ ಸವರಿ ನೋಡುತ್ತ ಹೊಸದಾಗಿ ಜೋಡಿಸಿದ. ನಿಂಗರಾಜು ಸ್ಟೇರಿಂಗ್ ಹಿಂದೆ ಕೂತು ಒಂದೊಂದೇ ಬದಿ ಹಾಕಿದ. "ಬಲ!" ಎಂದು ಕೂಗಿದ. "ಬಲವೇ ಕಣಪ್ಪ!" ಎಂದು ಗುರುಸಿದ್ದಮ್ಮ ಹಿಂದಿನಿಂದ ಕೂಗಿದಳು. ಎಡವೂ ಸರಿಹೋಯಿತು.

ಅಂದಿನಿಂದ ಬಂದವರಿಗೆಲ್ಲ ಮಾದಪ್ಪ ತಾನೇ ಹೇಳಿಬಿಡುತ್ತಿದ್ದ: "ಬಣ್ಣ ನೋಡೋದು ಇವ್ಳು, ಜೋಡ್ಸೋದು ನಾನು. ಒಪ್ಗೆ ಇದ್ರೆ ಗಾಡಿ ನಿಲ್ಸಿ." ಕೆಲವರು ಕೊಳ್ಳೇಗಾಲಕ್ಕೆ ಹೋದರು. ಬಹಳ ಮಂದಿ ಗಾಡಿ ನಿಲ್ಲಿಸಿದರು.

ಸುಗ್ಗಿ ಮುಗಿದ ಮೇಲೆ ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದಾಗ ಮಾದಪ್ಪ ಆಸ್ಪತ್ರೆಯ ಗೋಡೆಯನ್ನೇ ಬಹಳ ಹೊತ್ತು ನೋಡಿದ. ಗೋಡೆ ಅಷ್ಟು ಬೆಳ್ಳಗಿರುತ್ತದೆಂಬುದನ್ನೇ ಅವನು ಮರೆತುಬಿಟ್ಟಿದ್ದ.

ಈಗ ಬಣ್ಣಗಳೆಲ್ಲ ನಿಚ್ಚಳವಾಗಿ ಕಾಣುತ್ತವೆ. ಆದರೂ ಇಂಡಿಕೇಟರಿನ ಕೆಲಸ ಗುರುಸಿದ್ದಮ್ಮನದೇ ಆಗಿಹೋಗಿದೆ. ಟ್ರ್ಯಾಕ್ಟರಿನವರು ಬಂದು "ಅಕ್ಕ ಇಲ್ವಾ?" ಎಂದು ಕೇಳಿದರೆ, ಮಾದಪ್ಪ ನಗುತ್ತ ಹೂವಿನ ಬುಟ್ಟಿಯ ಕಡೆ ಕೈ ತೋರಿಸುತ್ತಾನೆ.