ಗಾಳಕ್ಕೆಂದು ತಂದ ಸಿಗಡಿ

ಆ ಶುಕ್ರವಾರ ಬೆಳಿಗ್ಗೆ ಬುಸೈತೀನಿನ ಕಡಲ ಬದಿಯ ಕಲ್ಲುಗಳ ಮೇಲೆ ನಾವು ನಾಲ್ವರಿದ್ದೆವು. ನಾನು, ನನ್ನ ಹೆಂಡತಿ, ನಮ್ಮ ಮೇಲಿನ ಫ್ಲ್ಯಾಟಿನ ಬಾಯಮ್ಮ, ಅವರ ಗಂಡ ಪೊರ್ಬುಗಳು. ಕ್ರಿಸ್ತುವರ ಹೆಂಗಸರನ್ನು ಬಾಯಮ್ಮ ಎಂದೂ ಗಂಡಸರನ್ನು ಪೊರ್ಬುಗಳು ಎಂದೂ ಕರೆಯುವುದು ನಮ್ಮ ಕರಾವಳಿಯ ಹಳೆಯ ರೂಢಿ. ನನ್ನ ಅಜ್ಜಿ ಹಾಗೆ ಕರೆಯುತ್ತಿದ್ದಳು, ನಾನೂ ಹಾಗೆಯೇ ಕರೆಯುತ್ತೇನೆ. ಬಹರೈನಿಗೆ ಬಂದ ಮಾತ್ರಕ್ಕೆ ನಾಲಿಗೆ ಬದಲಾಗುವುದಿಲ್ಲ. ಸ್ವಲ್ಪ ದೂರದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಒಬ್ಬ ಬಹರೈನಿ ಅಜ್ಜ ಕೂತಿದ್ದರು. ಚಳಿಗಾಲದ ಗಾಳಿ ಬೀಸುತ್ತಿತ್ತು. ಆಚೆ ದಡದಲ್ಲಿ ಮನಾಮದ ಎತ್ತರದ ಕಟ್ಟಡಗಳು ಮಂಜಿನೊಳಗೆ ಅರ್ಧ ಮುಳುಗಿದ್ದವು.

ಬಂದದ್ದು ಬಾಯಮ್ಮನಿಗಾಗಿ. ಆಕೆ ನರ್ಸು. ಮದುವೆಗೆ ಮೊದಲೇ ಈ ದ್ವೀಪಕ್ಕೆ ಬಂದವರು, ಈಗ ಕೆಲಸದಿಂದ ನಿವೃತ್ತರಾಗಿ ಗಂಡನೊಂದಿಗೆ ಊರಿಗೆ ಹೊರಟಿದ್ದರು. ಮುಂದಿನ ವಾರ ವಿಮಾನ. ಹೊರಡುವ ಮೊದಲು ಆಕೆಗೆ ಇದ್ದದ್ದು ಒಂದೇ ಆಸೆ: ಈ ಕಡಲಿನಿಂದ ತನ್ನ ಕೈಯಾರೆ ಒಂದು ಮೀನು ಹಿಡಿಯಬೇಕು.

"ಸಣ್ಣವಳಿರುವಾಗ ನಾನು ಹೊಳೆಯಲ್ಲಿ ಕಾಣೆ ಮೀನು ಹಿಡಿತಿದ್ದೆ, ಗೊತ್ತುಂಟಾ?" ಎಂದು ಆಕೆ ಹಿಂದಿನ ವಾರ ನಮ್ಮ ಅಡುಗೆಮನೆಯಲ್ಲಿ ಕೂತು ನನ್ನ ಹೆಂಡತಿಗೆ ಹೇಳಿದ್ದರು. "ಮತ್ತೆ ದೊಡ್ಡವಳಾದೆ, ಹೆಣ್ಣುಮಕ್ಕಳು ದಡದಲ್ಲಿ ಕೂರ್ಬಾರ್ದು ಅಂದ್ರು. ಇಲ್ಲಿಗೆ ಬಂದೆ, ಡ್ಯೂಟಿ, ಡ್ಯೂಟಿ. ನಾಲ್ಕೂ ಬದಿಗೆ ಸಮುದ್ರ ಇದ್ದೂ ಒಂದು ಗಾಳ ಹಾಕ್ಲಿಕ್ಕೆ ಆಗ್ಲಿಲ್ಲ ನೋಡು, ಮಗಾ."

"ಮೀನು ಬೇಕಾದ್ರೆ ಮಾರ್ಕೆಟಿನಲ್ಲಿ ಉಂಟಲ್ಲ," ಎಂದರು ಪೊರ್ಬುಗಳು.

"ನಿಮಗೆ ಹೆಂಡತಿ ಸಹ ಮಾರ್ಕೆಟಿನಲ್ಲಿ ಸಿಕ್ತಿದ್ದಳಾ?"

ಪೊರ್ಬುಗಳು ಸೋತವರಂತೆ ಕೈ ಮುಗಿದರು. "ಆಯ್ತು ಮಾರಾಯ್ತಿ. ನೀನು ಒಂದು ಮೀನು ಹಿಡಿ. ಅದನ್ನು ಕೊಯ್ದು, ತೊಳೆದು ಕೊಡುದು ನಾನು." ಮದುವೆಯಾದಂದಿನಿಂದ ಒಂದು ಬಂಗುಡೆಯ ಬಾಲವನ್ನೂ ಕತ್ತರಿಸಿದವರಲ್ಲ ಅವರು. ನಾವಿಬ್ಬರೂ ಸಾಕ್ಷಿ ಎಂದು ನನ್ನ ಹೆಂಡತಿ ಅಲ್ಲೇ ಘೋಷಿಸಿದಳು.

ಬಾಯಮ್ಮ ಮುಹರಕ್ಕಿನ ಪೇಟೆಗೆ ಹೋಗಿ ರೀಲು ಸಮೇತ ಹಸಿರು ಬಣ್ಣದ ಒಂದು ಗಾಳದ ಕೋಲು ಕೊಂಡು ತಂದರು. ಗುರುವಾರ ಸಂಜೆ ಪೊರ್ಬುಗಳು ಒಳ್ಳೆಯ ಸಿಗಡಿ ತಂದರು, ಗಾಳಕ್ಕೆ ಚುಚ್ಚಲು. ಅವರ ಫ್ರಿಜ್ಜು ಅಷ್ಟರಲ್ಲಿ ಬೇರೆಯವರ ಮನೆ ಸೇರಿತ್ತು. ಹಾಗಾಗಿ ಸಿಗಡಿಯ ಡಬ್ಬಿಯನ್ನು ನಮ್ಮ ಬಾಗಿಲಲ್ಲಿ ನನ್ನ ಕೈಗೆ ಕೊಟ್ಟು, "ನಾಳೆ ಬೆಳಿಗ್ಗೆ ತಕ್ಕೊಂಡು ಬನ್ನಿ" ಎಂದು ಹೋದರು. ನಾನು ಅದನ್ನು ಫ್ರಿಜ್ಜಿನಲ್ಲಿಟ್ಟು ಜುಫೈರಿನ ಹೋಟೆಲಿಗೆ ರಾತ್ರಿಪಾಳಿಗೆ ಹೊರಟೆ. ಬೆಳಿಗ್ಗೆ ಬಂದವನೇ ಮುಖ ತೊಳೆದು, ಅದೇ ನೀಲಿ ಮುಚ್ಚಳದ ಡಬ್ಬಿಯನ್ನು ಎತ್ತಿಕೊಂಡು, ಹೆಂಡತಿ ಕಟ್ಟಿದ್ದ ಬುತ್ತಿಯನ್ನೂ ಹಿಡಿದು ಕೆಳಗಿಳಿದೆ.

ಕಲ್ಲಿನ ಮೇಲೆ ಬಾಯಮ್ಮ ಸ್ವೆಟರಿನ ತೋಳು ಮಡಚಿದರು. ದಾರಕ್ಕೆ ಬೆಂಡು ಕಟ್ಟಿದರು. ಶಿಲುಬೆಯ ಗುರುತು ಹಾಕಿಕೊಂಡು, "ಆ ಡಬ್ಬಿ ಕೊಡಿ" ಎಂದು ಕೈ ಚಾಚಿದರು.

ಮುಚ್ಚಳ ತೆರೆದದ್ದೇ ತಡ, ಬ್ಯಾಡಗಿ ಮೆಣಸು, ತೆಂಗಿನಕಾಯಿ, ಬೆಳ್ಳುಳ್ಳಿಯ ಪರಿಮಳ ಇಡೀ ಕಡಲತೀರಕ್ಕೆ ಹರಡಿತು. ಡಬ್ಬಿಯೊಳಗೆ ಇದ್ದದ್ದು ಸಿಗಡಿಯೇ. ಆದರೆ ಸಿಗಡಿ ಸುಕ್ಕ.

ಮೂವರೂ ನನ್ನ ಹೆಂಡತಿಯತ್ತ ತಿರುಗಿದೆವು.

"ಎಂತ, ಹಾಗೆ ನೋಡ್ತೀರಿ?" ಎಂದಳು ಅವಳು. "ನಿನ್ನೆ ಫ್ರಿಜ್ಜಲ್ಲಿ ಕಂಡೆ. ಬಾಯಮ್ಮನ ಡಬ್ಬಿ. ಊರಿಗೆ ಹೋಗುವವರು, ಪ್ರೀತಿಯಿಂದ ಕೊಟ್ಟಿದ್ದಾರೆ ಅಂತ ಮಾಡಿದೆ. ನಮಗೆ ಸ್ವಲ್ಪ ಇಟ್ಟುಕೊಂಡು ಉಳಿದದ್ದು ಡಬ್ಬಿಗೆ ಹಾಕಿದೆ. ಕೊಟ್ಟ ಡಬ್ಬಿಯನ್ನು ಖಾಲಿ ವಾಪಸು ಕೊಡುದುಂಟಾ ಯಾರಾದ್ರೂ?"

ಅವಳದ್ದು ತಪ್ಪಲ್ಲ. ನೆರೆಮನೆಯ ಪಾತ್ರೆ ಬರಿದಾಗಿ ಹಿಂತಿರುಗಬಾರದು. ಏನೂ ಇಲ್ಲದಿದ್ದರೆ ನಾಲ್ಕು ಹರಳು ಸಕ್ಕರೆಯಾದರೂ ಇರಬೇಕು. ಈ ಪಾಠ ಕಲಿಯದ ಹೆಂಗಸು ನಮ್ಮ ಕಡೆ ಹುಟ್ಟಿಲ್ಲ. ಅಂಥ ದಪ್ಪ ಸಿಗಡಿಯನ್ನು ಮೀನಿಗೆ ತಿನ್ನಿಸಲು ತಂದಿದ್ದಾರೆ ಎಂದು ಯೋಚಿಸುವವಳಂತೂ ಖಂಡಿತ ಹುಟ್ಟಿಲ್ಲ.

ಪೊರ್ಬುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹಾಕು, ಹಾಕು, ಇದನ್ನೇ ಗಾಳಕ್ಕೆ ಹಾಕು. ಮೀನು ಮೇಲೆ ಬಂದು ಅನ್ನ ಕೇಳ್ತದೆ!"

ಬಾಯಮ್ಮ ನಗಲಿಲ್ಲ. ಹನ್ನೊಂದು ಗಂಟೆಗೆ ಇಗರ್ಜಿಯಲ್ಲಿ ಪೂಜೆ, ಅಲ್ಲೇ ಅವರಿಬ್ಬರಿಗೆ ಬೀಳ್ಕೊಡುಗೆ. ಮನೆಗೆ ಹೋಗಿ ಸೀರೆ ಉಟ್ಟು ಹೊರಡಬೇಕು. ಶನಿವಾರದಿಂದ ಸಾಮಾನು ಕಟ್ಟುವ ಕೆಲಸ. ಕಡಲ ಬದಿಗೆ ಬರಲು ಇನ್ನೊಂದು ದಿನ ಉಳಿದಿರಲಿಲ್ಲ. ಆಕೆ ಒಂದು ಸುಕ್ಕದ ಸಿಗಡಿಯನ್ನು ತೆಗೆದು ಕಡಲ ನೀರಿನಲ್ಲಿ ತೊಳೆದು ಗಾಳಕ್ಕೆ ಸಿಕ್ಕಿಸಿದರು. ಎಸೆದ ರಭಸಕ್ಕೆ ಗಾಳ ಒಂದು ಕಡೆ, ಬೆಂದ ಸಿಗಡಿ ಇನ್ನೊಂದು ಕಡೆ ಹಾರಿತು. ಎರಡನೆಯದೂ ಹಾಗೆಯೇ. ಮೂರನೆಯದನ್ನು ಪೊರ್ಬುಗಳು ನಡುದಾರಿಯಲ್ಲೇ ಕಸಿದು ಬಾಯಿಗೆ ಹಾಕಿಕೊಂಡರು.

"ಮಾರ್ಕೆಟಿಗೆ ಓಡಿ ಬೇರೆ ತರ್ತೇನೆ," ಎಂದೆ ನಾನು.

"ನೀವು ಹೋಗಿ ಬರುವಾಗ ಪೂಜೆ ಮುಗಿದಿರ್ತದೆ. ಬಿಡಿ," ಎಂದು ಬಾಯಮ್ಮ ಕಲ್ಲಿನ ಮೇಲೆ ಕೂತುಬಿಟ್ಟರು. ಮುಖ ಬಾಡಿತ್ತು. ನನ್ನ ಹೆಂಡತಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಇಂಥ ಹೊತ್ತಿನಲ್ಲಿ ಅವಳಿಗೆ ತಿಳಿದ ಮದ್ದು ಒಂದೇ. ಬುತ್ತಿ ಬಿಚ್ಚಿ, ಹಬೆಯಲ್ಲಿ ಬೇಯಿಸಿದ ಅಕ್ಕಿಯ ಪುಂಡಿಗಳನ್ನು ಎಲ್ಲರ ಕೈಗೂ ಕೊಟ್ಟಳು. "ಮೊದಲು ತಿನ್ನಿ ಬಾಯಮ್ಮ. ಹಸಿದ ಹೊಟ್ಟೆಯಲ್ಲಿ ಬೇಸರ ಮಾಡ್ಬಾರ್ದು."

ನಾವು ಮೂವರು ಸುಕ್ಕ ಕೂಡಿಸಿಕೊಂಡು ತಿಂದೆವು. ಬಾಯಮ್ಮ ಮಾತ್ರ ಪುಂಡಿಯನ್ನು ಚೂರುಚೂರಾಗಿ ಮುರಿಯುತ್ತಾ ನೀರನ್ನೇ ನೋಡುತ್ತಿದ್ದರು. ಬೆರಳ ಸಂದಿಯಿಂದ ಎರಡು ಚೂರು ನೀರಿಗೆ ಬಿದ್ದವು. ಕಲ್ಲಿನ ಬುಡದಲ್ಲಿ ಏನೋ ಮಿಂಚಿತು. ಮತ್ತೆರಡು ಚೂರು ಉದುರಿಸಿದರು. ಈ ಸಲ ಮೀನಿನ ಒಂದು ಹಿಂಡೇ ಬಂತು.

"ರೀ," ಎಂದರು ಬಾಯಮ್ಮ ಮೆಲ್ಲಗೆ. "ನಿಮ್ಮ ಕೈಯಲ್ಲಿರುವ ಪುಂಡಿ ಕೊಡಿ."

"ಇದು ನಂದು!"

"ಕೊಡಿ ಅಂದೆ."

ಪುಂಡಿಯನ್ನು ಅಂಗೈಯಲ್ಲಿ ನಾದಿ ನಾದಿ ಅಂಟು ಬರಿಸಿ, ಕಡಲೆಕಾಳಿನಷ್ಟು ಉಂಡೆ ಮಾಡಿ ಗಾಳದ ತುದಿಗೆ ಒತ್ತಿದರು. ಈ ಸಲ ದೂರ ಎಸೆಯಲಿಲ್ಲ, ಮಗುವನ್ನು ತೊಟ್ಟಿಲಿಗೆ ಇಳಿಸುವಂತೆ ಕಲ್ಲಿನ ಬದಿಗೇ ಇಳಿಸಿದರು. ಬೆಂಡು ತೇಲಿತು. ಒಮ್ಮೆ ತಲೆದೂಗಿತು. ನಾವು ತಿನ್ನುವುದನ್ನು ನಿಲ್ಲಿಸಿದೆವು. ಮತ್ತೊಮ್ಮೆ ತಲೆದೂಗಿ, ಬೆಂಡು ಸಟಕ್ಕನೆ ಮುಳುಗಿತು.

"ಎಳಿ! ಎಳಿ!" ಎಂದು ಪೊರ್ಬುಗಳು ಎದ್ದು ನಿಂತು ಕುಣಿದರು.

"ಬಾಯಿ ಮುಚ್ಚಿ ಕೂರಿ, ಮೀನಿಗೆ ಕೇಳ್ತದೆ!" ಎಂದು ಬಾಯಮ್ಮ ಕೋಲೆತ್ತಿದರು. ದಾರದ ತುದಿಯಲ್ಲಿ, ಹಸಿರು ಬೆರೆತ ಕಂದು ಮೈಯ, ಬಿಳಿ ಚುಕ್ಕಿಗಳ, ಅಂಗೈಗಿಂತ ತುಸು ಉದ್ದದ ಮೀನೊಂದು ಪಟಪಟನೆ ಬಡಿದುಕೊಳ್ಳುತ್ತಿತ್ತು. ಈ ದ್ವೀಪದವರು ಪ್ರಾಣ ಕೊಟ್ಟು ಪ್ರೀತಿಸುವ ಸಾಫಿ ಮೀನು.

ಬಾಯಮ್ಮ ಊರಿನ ಅಭ್ಯಾಸದಂತೆ ಬರಿಗೈಯಲ್ಲಿ ಅದರ ಬೆನ್ನಿಗೆ ಕೈ ಹಾಕುವಷ್ಟರಲ್ಲಿ ಆಚೆಯ ಕುರ್ಚಿಯಿಂದ ಕೂಗು ಬಂತು. "ಕಾಂಟಾ! ಕಾಂಟಾ! ಹಾಥ್ ಮತ್ ಲಗಾವ್!" ಬಹರೈನಿ ಅಜ್ಜ ಹಳೆಯ ಕಾಲದ ಹಿಂದಿಯಲ್ಲಿ ಬೊಬ್ಬೆ ಹಾಕುತ್ತಾ ಟವೆಲು ಹಿಡಿದುಕೊಂಡು ಬಂದರು. ಸಾಫಿಯ ಬೆನ್ನ ಮುಳ್ಳು ಚುಚ್ಚಿದರೆ ಸಂಜೆಯವರೆಗೆ ಉರಿ ಬಿಡುವುದಿಲ್ಲವಂತೆ. ಟವೆಲಿನಲ್ಲಿ ಹಿಡಿದು ಗಾಳ ಬಿಡಿಸಿ ಬಕೆಟಿಗೆ ಹಾಕಿದರು.

"ಇಷ್ಟು ವರ್ಷ ಊರವರಿಗೆಲ್ಲ ಚುಚ್ಚಿದ್ದಕ್ಕೆ ಇವತ್ತು ನಿನಗೆ ಇಂಜೆಕ್ಷನ್ ಆಗ್ತಿತ್ತು," ಎಂದರು ಪೊರ್ಬುಗಳು.

ಬಾಯಮ್ಮನಿಗೆ ಅದು ಕೇಳಿಸಲಿಲ್ಲ. ಬಕೆಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಮೀನನ್ನೇ ನೋಡುತ್ತಿದ್ದರು. ಕಣ್ಣು ಒದ್ದೆಯಾಗಿತ್ತು, ಬಾಯಿ ಕಿವಿಯವರೆಗೆ ಅರಳಿತ್ತು. ಆಮೇಲೆ ಎದ್ದು ನನ್ನ ಹೆಂಡತಿಯ ಎರಡು ಕೆನ್ನೆಗೂ ಪುಂಡಿ ಮೆತ್ತಿದ ಕೈಯಿಂದಲೇ ತಟ್ಟಿದರು. "ನಿನ್ನ ಪುಂಡಿ, ಮಗಾ! ಈ ಮೀನು ಸಿಗಡಿಯನ್ನು ಮೂಸಿಯೂ ನೋಡ್ತಿರ್ಲಿಲ್ಲವೋ ಏನೋ!"

ಹೊರಡುವ ಹೊತ್ತಿಗೆ ಇನ್ನೂ ಮೂರು ಸಾಫಿ ಬಕೆಟಿಗೆ ಬಿದ್ದಿದ್ದವು. ಅಜ್ಜನಿಗೆ ಪುಂಡಿಯನ್ನೂ ಸುಕ್ಕವನ್ನೂ ಕೊಟ್ಟೆವು. ಅವರು ಖಾರಕ್ಕೆ ಕಣ್ಣೀರು ಒರೆಸಿಕೊಂಡು, "ಜ಼ೇನ್, ಜ಼ೇನ್" ಎಂದು ಅರಬ್ಬಿಯಲ್ಲಿ ಹೊಗಳಿ ಇನ್ನೊಮ್ಮೆ ಕೈ ಚಾಚಿದರು.

ಪೂಜೆ ಮುಗಿಸಿ ಬಂದವರು ನೇರ ನಮ್ಮ ಅಡುಗೆಮನೆಗೇ ಬಂದರು. ಬಾಯಮ್ಮ ಚೀಲದಿಂದ ಒಂದು ಜೊತೆ ಆಸ್ಪತ್ರೆಯ ಗ್ಲೌಸು ತೆಗೆದು ಗಂಡನ ಮುಂದೆ ಹಿಡಿದರು. ಪೊರ್ಬುಗಳು ಬೀಳ್ಕೊಡುಗೆಯ ಕೋಟು ಕಳಚಿಟ್ಟು, ನನ್ನ ಹೆಂಡತಿಯ ನೈಟಿಯ ಮೇಲಿನ ಏಪ್ರನ್ ಬೇಡಿ ಕಟ್ಟಿಕೊಂಡು, ಕತ್ತರಿ ಹಿಡಿದು ನಿಂತರು.

"ಮೊದಲು ಮುಳ್ಳು," ಎಂದರು ಬಾಯಮ್ಮ.

"ಗೊತ್ತುಂಟು."

"ಅದು ಬಾಲ."

"ಅದೂ ಗೊತ್ತುಂಟು ಮಾರಾಯ್ತಿ!"

ನಾಲ್ಕು ಮೀನಿಗೆ ಒಂದು ಗಂಟೆ ಹಿಡಿಯಿತು. ಮಸಾಲೆ ಹಚ್ಚಿ, ರವೆಯಲ್ಲಿ ಹೊರಳಿಸಿ, ತೆಂಗಿನೆಣ್ಣೆಯಲ್ಲಿ ಕಾಯಿಸಿದ ಮೊದಲ ಮೀನನ್ನು ಬಾಯಮ್ಮನ ತಟ್ಟೆಗೆ ಬಡಿಸಿದೆವು. ಆಕೆ ಒಂದು ಚೂರು ಮುರಿದು ಬಾಯಿಗಿಟ್ಟು ಕಣ್ಣು ಮುಚ್ಚಿದರು. ನಾವು ಕಾದೆವು.

"ಕಾಣೆಯಷ್ಟು ರುಚಿ ಇಲ್ಲ," ಎಂದರು. ಅಷ್ಟು ಹೇಳಿ, ಅದರ ತಲೆಯನ್ನೂ ಬಿಡದೆ ಚೀಪಿ ಮುಗಿಸಿದರು.

ಮುಂದಿನ ವಾರ ಅವರನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದೆವು. ಗಾಳದ ಕೋಲು ಯಾವ ಪೆಟ್ಟಿಗೆಯಲ್ಲೂ ಹಿಡಿಸದೆ ನಮ್ಮ ಮನೆಯಲ್ಲೇ ಉಳಿಯಿತು. ಅದಾಗಿ ಎರಡನೆಯ ಶುಕ್ರವಾರ ಬೆಳಿಗ್ಗೆ ನನ್ನ ಹೆಂಡತಿ ನನ್ನನ್ನು ಅಲುಗಾಡಿಸಿ ಎಬ್ಬಿಸಿದಳು. ಕೈಯಲ್ಲಿ ಆ ಕೋಲು ಇತ್ತು, ಕಾಲಿಗೆ ನನ್ನ ಶೂಸು ಹಾಕಿಕೊಂಡಿದ್ದಳು. ಬುಸೈತೀನಿನ ಅದೇ ಕಲ್ಲಿಗೆ ಹೋದೆವು. ಅವಳಿಗೆ ಎರಡು ಸಾಫಿ ಸಿಕ್ಕಿದವು. ಮನೆಗೆ ಬಂದು ನಾನು ಕೊಯ್ದು ಕೊಟ್ಟೆ.