ಹೊಸ್ತಿಲಾಚೆ ಕೂತವನು

ಅನಂತಲಕ್ಷ್ಮಿಗೆ ಹೆದರಿಕೆಗೆ ಕಾರಣ ಬೇಕಿರಲಿಲ್ಲ. ಮಲ್ಲೇಶ್ವರದ ಹುಡುಗಿಯರ ಶಾಲೆಯಲ್ಲಿ ಓದುವಾಗ, ಮನೆಗೆ ಹೋಗುವಷ್ಟರಲ್ಲಿ ಅಮ್ಮನಿಗೆ ಏನಾಗಿರುತ್ತದೋ ಎಂದು ದಾರಿಯುದ್ದಕ್ಕೂ ಓಡುತ್ತಿದ್ದವಳು ಅವಳು. ಅಂಥವಳನ್ನು ಏರ್ ಫೋರ್ಸಿನವನಿಗೆ ಕೊಡುವುದೇ ಎಂದು ಬಳಗದವರು ಕೇಳಿದಾಗ ಅವಳ ತಂದೆ ಚಕ್ರಪಾಣಿ ನಕ್ಕಿದ್ದರು. ಹುಡುಗ ಪದ್ಮನಾಭ ವಿಮಾನ ಹಾರಿಸುವವನಲ್ಲ, ರಿಪೇರಿ ಮಾಡುವವನು, ಜಾಲಹಳ್ಳಿಯಲ್ಲಿ ನೆಲದ ಮೇಲೇ ಇರುತ್ತಾನೆ ಎಂದು ಸಮಾಧಾನ ಹೇಳಿದ್ದರು.

ಆಮೇಲೆ ಬಂದದ್ದು ಹೆಲಿಕಾಪ್ಟರು. ತಲೆಯ ಮೇಲೆ ರೆಕ್ಕೆ ಗಿರಗಿರ ತಿರುಗುವ ಆ ಹೊಸ ಯಂತ್ರ ರಸ್ತೆಯಿಲ್ಲದ ಬೆಟ್ಟಗಳಲ್ಲಿ ಎಲ್ಲೆಂದರಲ್ಲಿ ಇಳಿಯುತ್ತದಂತೆ. ಅಲ್ಲಿ ಕೆಟ್ಟು ನಿಂತರೆ ನೋಡಲು ಫಿಟ್ಟರ್ ಒಬ್ಬ ಜೊತೆಯಲ್ಲೇ ಹಾರಬೇಕಂತೆ. ಮದುವೆಯಾದ ವರ್ಷವೇ ಪದ್ಮನಾಭನಿಗೆ ಅಸ್ಸಾಮಿನ ಕಡೆಗೆ ವರ್ಗವಾಯಿತು. ಅಂದಿನಿಂದ ಅನಂತಲಕ್ಷ್ಮಿ ಆಕಾಶದಲ್ಲಿ ಹದ್ದು ಕಂಡರೂ ಒಳಗೆ ಹೋಗುತ್ತಿದ್ದಳು.

ಚೊಚ್ಚಲ ಹೆರಿಗೆಗೆ ಅವಳು ತವರಿಗೆ ಬಂದಿದ್ದಳು. ರಾಜಾಜಿನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಡಿಸೆಂಬರಿನ ಗಾಳಿ ಮಾಗಡಿ ರಸ್ತೆಯ ಕಡೆಯಿಂದ ಅಡೆತಡೆಯಿಲ್ಲದೆ ಬೀಸುತ್ತಿತ್ತು. ಗಂಡು ಮಗು ಹುಟ್ಟಿತು. ಹೆರಿಗೆಯ ಮೈಲಿಗೆಯಾದ ಪುರುಡು ಕಳೆಯುವವರೆಗೆ ಬಾಣಂತಿ ಕೋಣೆಗೆ ಬೋರಮ್ಮನ ಹೊರತು ಯಾರೂ ಕಾಲಿಡುವಂತಿರಲಿಲ್ಲ. ತಾಯಿ ಮಗುವಿಗೆ ಎಣ್ಣೆ ನೀರು ಹಾಕಲು ಆಕೆ ಮೂಡಲಪಾಳ್ಯದಿಂದ ದಿನವೂ ನಡೆದು ಬರುತ್ತಿದ್ದಳು. ನಾಮಕರಣಕ್ಕೆಂದು ರಜೆಯ ಮೇಲೆ ಓಡಿಬಂದ ಪದ್ಮನಾಭನೂ ಹೊಸ್ತಿಲ ಆಚೆ ಮಣೆ ಹಾಕಿಕೊಂಡು ಕೂತು ಮಗುವನ್ನು ನೋಡಬೇಕಾಯಿತು. ಪುರುಡು ಕಳೆದ ದಿನ ಪುಣ್ಯಾಹವಾದ ಮೇಲೆ ಮಡಿಲಿಗೇ ಹಾಕುತ್ತೇವೆ, ಅಲ್ಲಿಯತನಕ ತಾಳಿ ಎಂದು ಅವನ ಅತ್ತೆ, ಅನಂತಲಕ್ಷ್ಮಿಯ ತಾಯಿ ಯಶೋದಮ್ಮ ನಗುತ್ತಾ ತಡೆದಿದ್ದರು.

ಆ ಮಣೆಯ ಮೇಲೆ ಕೂತೇ ಅವನು ತನ್ನವರ ಸುದ್ದಿ ಹೇಳುತ್ತಿದ್ದ. ಪೈಲಟ್ ಬಲವಂತ್ ಸಿಂಗ್ ಮೋಡ ಕಂಡರೆ ಬೈಯುತ್ತಾನಂತೆ, ಎಂಜಿನ್ ಕೆಮ್ಮಿದರೆ ಹಾಡುತ್ತಾನಂತೆ. ವೈರ್‌ಲೆಸ್ಸಿನ ಮಜುಮ್‌ದಾರ್ ಇವನು ಮಾಡಿದ ಹುಳಿಗೆ ಸಕ್ಕರೆ ಹಾಕಿಕೊಂಡು ಉಣ್ಣುತ್ತಾನಂತೆ. ಇನ್ನೊಬ್ಬ ಫಿಟ್ಟರ್, ಕೋಟ್ಟಯಂ ಕಡೆಯ ವರ್ಗೀಸ್. ಕ್ರಿಸ್ಮಸ್‌ಗೆ ಊರಿಗೆ ಹೋಗಬೇಕಾದ ರಜೆ ಅವನದು. ಅದನ್ನು ಇವನಿಗೆ ಬಿಟ್ಟುಕೊಟ್ಟು, ಮಗನ ಕೈಯಲ್ಲಿ ಮೈ ಒದ್ದೆ ಮಾಡಿಸಿಕೊಳ್ಳದೆ ವಾಪಸು ಬಂದರೆ ಮೆಸ್ಸಿನೊಳಗೆ ಸೇರಿಸೋದಿಲ್ಲ ಎಂದು ಹೇಳಿ ಕಳಿಸಿದ್ದನಂತೆ.

ನಾಮಕರಣಕ್ಕೆ ಎರಡು ದಿನ ಇರುವಾಗ ಜಾಲಹಳ್ಳಿಯಿಂದ ರೇವಣಸಿದ್ದಪ್ಪ ಸೈಕಲ್ ಮೇಲೆ ಬಂದ. ಪದ್ಮನಾಭನ ಜೊತೆ ತರಬೇತಿ ಮುಗಿಸಿದವನು. ಅನಂತಲಕ್ಷ್ಮಿ ಕಿಟಕಿಯಿಂದ ನೋಡುತ್ತಿದ್ದಳು. ಅವನು ಸೈಕಲ್ಲನ್ನು ಗೋಡೆಗೆ ಒರಗಿಸದೆ ಹಿಡಿದೇ ನಿಂತ, ಟೋಪಿ ತೆಗೆದ, ಏನೋ ಹೇಳಿದ. ಪದ್ಮನಾಭ ಒಂದೇ ಒಂದು ಮಾತು ಕೇಳಿದ. ರೇವಣಸಿದ್ದಪ್ಪ ತಲೆ ಅಲ್ಲಾಡಿಸಿದ. ಅವಳ ಗಂಡ ಸುಮ್ಮನೆ ಮನೆ ಸುತ್ತಿಕೊಂಡು ಹಿತ್ತಲಿಗೆ ನಡೆದು, ತೊಟ್ಟಿಯ ತಣ್ಣೀರನ್ನು ಉಟ್ಟ ಬಟ್ಟೆಯ ಮೇಲೇ ತಂಬಿಗೆಯಿಂದ ಸುರಿದುಕೊಳ್ಳತೊಡಗಿದ.

ಹಾಗೆ ನೀರು ಹೊಯ್ದುಕೊಳ್ಳುವುದು ಸಾವಿನ ಸುದ್ದಿಗೆ ಮಾತ್ರ. ಯಶೋದಮ್ಮ ಎದೆ ಹಿಡಿದುಕೊಂಡು, ಬೀಗರಿಗೇನಾದರೂ ಆಯಿತೇ ಎಂದು ಓಡಿದರು. ರೇವಣಸಿದ್ದಪ್ಪನೇ ವಿಷಯ ಹೇಳಿದ. ಹೆಲಿಕಾಪ್ಟರ್ ಬೆಟ್ಟಕ್ಕೆ ಬಡಿದು ಉರಿದುಹೋಗಿತ್ತು. ಮೂವರೂ ಹೋಗಿದ್ದರು. ಪದ್ಮನಾಭನ ಜಾಗದಲ್ಲಿ ಆ ದಿನ ಹತ್ತಿದ್ದವನು ವರ್ಗೀಸ್.

ಯಶೋದಮ್ಮ ದೇವರ ಕೋಣೆಯ ಕಡೆ ತಿರುಗಿ ಕೈ ಮುಗಿದರು. ಕಣ್ಣಲ್ಲಿ ನೀರಿತ್ತು, ಅದು ಸತ್ತವರಿಗಾಗಿ ಅಲ್ಲ ಎಂಬುದು ಅನಂತಲಕ್ಷ್ಮಿಗೆ ಗೊತ್ತಾಯಿತು. ತನ್ನ ಕಣ್ಣಲ್ಲಿದ್ದುದೂ ಅದೇ ಎಂದು ಗೊತ್ತಾಗಿ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸಂಜೆಯೊಳಗೆ ಬೀದಿಗೆಲ್ಲ ಸುದ್ದಿಯಾಯಿತು. ಎದುರು ಮನೆಯ ನೀಲಮ್ಮ ಸಕ್ಕರೆ ತಂದರು. ಇನ್ನೂ ಯಾರು ಯಾರೋ ಬಂದರು. ಎಲ್ಲರೂ ಬಾಣಂತಿ ಕೋಣೆಯ ಕಡೆ ಕತ್ತು ಚಾಚಿ ಮಗುವಿನ ಕಾಲ್ಗುಣ ಹೊಗಳಿದರು. ಹುಟ್ಟುತ್ತಲೇ ಅಪ್ಪನ ಜೀವ ಕಾಯ್ದ ಮಗು, ಇದಕ್ಕೆ ಬೆಳ್ಳಿ ಉಡಿದಾರ ಹಾಕಿಸಬೇಕು ಅಂದರು. ಮಾರನೆಯ ಬೆಳಿಗ್ಗೆ ನೀರು ಹಾಕುತ್ತಾ ಬೋರಮ್ಮನೂ ಅದನ್ನೇ ಹೇಳಿದಳು.

"ನಿಮ್ ಕೂಸು ಎಳ್ಕಂಡ್ ಬಂದು ಉಳಿಸ್ಕಂತು ಕಣ್ರವ್ವ ಅವರಪ್ಪನ್ನ. ಇಲ್ದಿದ್ರೆ ಏನ್ ಗತಿಯಾಗಿರದು."

ಹಿತ್ತಲಲ್ಲಿ ಒಗೆಯುವ ಕಲ್ಲಿನ ಮೇಲೆ ಕೂತಿದ್ದ ಪದ್ಮನಾಭನಿಗೆ ಬಚ್ಚಲಿನ ಮಾತು ಕೇಳಿಸುತ್ತಿತ್ತು. ಅವನು ಎದ್ದು ಇನ್ನೂ ದೂರ, ಬೇಲಿಯ ಹತ್ತಿರ ಹೋಗಿ ಕೂತ.

ಹೊಸ್ತಿಲ ಬಳಿಯ ಮಣೆಗೆ ಅವನು ಮತ್ತೆ ಬರಲೇ ಇಲ್ಲ. ತನಗೆ ಸೂತಕ, ಹತ್ತು ದಿನ ನಾಮಕರಣ ಆಗಕೂಡದು ಎಂದುಬಿಟ್ಟ. ಚಕ್ರಪಾಣಿ ಮೊದಲು ಮೆಲ್ಲಗೆ ತಿದ್ದಿದರು, ಆಮೇಲೆ ಸಿಡುಕಿದರು. ಗೋತ್ರವಿಲ್ಲ, ರಕ್ತವಿಲ್ಲ, ಅವರಲ್ಲೊಬ್ಬ ಕ್ರಿಸ್ತನನ್ನು ನಂಬುವವನು. ಯಾವ ಶಾಸ್ತ್ರದಲ್ಲಿ ಈ ಸೂತಕ ಹೇಳಿದೆ? ಮಗನ ಪುರುಡೇ ಇನ್ನೂ ಮೈಮೇಲಿರುವಾಗ ಅದರ ಮೇಲೆ ಇದನ್ನು ಎಲ್ಲಿಗೆ ಅಂಟಿಸಿಕೊಳ್ಳುತ್ತೀರಿ? ಒಂದು ಸ್ನಾನ ಸಾಕು, ಅದಾಯಿತಲ್ಲ ಎಂದರು.

"ಒಂದೇ ತಟ್ಟೇಲಿ ಉಂಡಿದೀವಿ ಮಾವ," ಎಂದ ಪದ್ಮನಾಭ. "ಅವರು ಹೋದ್ರೆ ನನಗೆ ಒಂದು ತಂಬಿಗೆ ನೀರು ಸಾಕು ಅಂತೀರಲ್ಲ."

ಒಂದೇ ತಟ್ಟೆ ಎಂಬ ಮಾತಿಗೆ ಯಶೋದಮ್ಮ ಮುಖ ತಿರುಗಿಸಿಕೊಂಡರು. ಚಕ್ರಪಾಣಿ ಪುರೋಹಿತರಿಗೆ ಬರಹೇಳಿದ್ದನ್ನು ಬದಲಿಸಲಿಲ್ಲ. ತಂದೆ ತಟ್ಟೆಯ ಅಕ್ಕಿಯಲ್ಲಿ ಹೆಸರು ಬರೆಯದಿದ್ದರೆ ತಾತ ಬರೆಯುತ್ತಾನೆ, ಅಷ್ಟೇ ಎಂದರು.

ಮಧ್ಯಾಹ್ನ ತಂತಿ ಬಂತು. ರಜೆ ರದ್ದಾಗಿತ್ತು, ಅವನು ಅದೇ ಸಂಜೆಯ ಮದರಾಸು ರೈಲು ಹಿಡಿಯಬೇಕಿತ್ತು.

ಅನಂತಲಕ್ಷ್ಮಿ ಕೋಣೆಯೊಳಗೆ ಕೂತು ಕೈ ಹೊಸಕಿಕೊಂಡಳು. ಸುದ್ದಿ ಬಂದಾಗಿನಿಂದ ಅವನು ಊಟ ಬಿಟ್ಟಿದ್ದ, ಅದಕ್ಕೂ ಮೀರಿದ ಭಯವೊಂದು ಅವಳನ್ನು ಹಿಡಿದಿತ್ತು. ಮಗು ಅತ್ತಾಗ ಅವನು ಕಿವಿ ಮುಚ್ಚಿಕೊಂಡದ್ದನ್ನು ಅವಳು ಹಿತ್ತಲ ಕಡೆಯ ಕಿಟಕಿಯಿಂದ ಕಂಡಿದ್ದಳು. ಊರೆಲ್ಲ ಈ ಮಗು ಒಬ್ಬನನ್ನು ಉಳಿಸಿತು ಅನ್ನುತ್ತಿದ್ದರೆ, ಅವನಿಗೆ ಅದು ಮೂವರನ್ನು ತಿಂದಿತು ಎಂದು ಕೇಳಿಸುತ್ತಿದೆ. ಹೀಗೇ ಹೊರಟುಹೋದರೆ, ಒಂದು ಸಲವೂ ಮುಟ್ಟದೆ ಹೋದರೆ, ಇನ್ನು ಜನ್ಮದಲ್ಲಿ ಮುಟ್ಟುವುದಿಲ್ಲ. ಮತ್ತೆ ಬರುತ್ತಾನೆಂಬ ಖಾತ್ರಿಯಾದರೂ ಏನು?

ಯಶೋದಮ್ಮ ಅಡುಗೆಮನೆಯಲ್ಲಿ ಅಳಿಯನ ದಾರಿಗೆ ಬುತ್ತಿ ಕಟ್ಟುತ್ತಿದ್ದರು. ಅನಂತಲಕ್ಷ್ಮಿ ಕಿವಿಗೆ ಬಟ್ಟೆ ಸುತ್ತಿಕೊಂಡಳು, ಮಗುವನ್ನು ಅಮ್ಮನ ಹಳೆಯ ಸೀರೆಯಲ್ಲಿ ಹೊದೆಸಿದಳು, ಹೊಸ್ತಿಲು ದಾಟಿದಳು. ನಡುಮನೆಯಲ್ಲಿ ಮೈಲಿಗೆಯ ಕಾಲಿಟ್ಟು ಹಿತ್ತಲಿಗೆ ಹೋಗುವಾಗ ಅವಳಿಗೆ ನೆಲವೇ ಸುಡುತ್ತಿರುವಂತಾಯಿತು. ಹಸಿ ಬಾಣಂತಿ ಗಾಳಿಗೆ ಬಂದದ್ದನ್ನು ಕಂಡು ಅವನು ಗಾಬರಿಯಿಂದ ಎದ್ದ.

"ಒಳಗೆ ಹೋಗೇ. ಶೀತ ಆದೀತು."

"ನನಗೂ ಮೈಲಿಗೆ, ಇವನಿಗೂ ಮೈಲಿಗೆ. ನಿಮಗೂ ಸೂತಕ ಅಂತೀರಿ," ಅಂದಳು. "ಮೂರು ಜನಾನೂ ಒಂದೇ ಅಲ್ವೇನ್ರೀ? ಮುಟ್ಟೋಕೆ ಏನಡ್ಡಿ?"

ಅವನು ಹಿಂದೆ ಸರಿದ.

"ಬೇಡ ಅನಂತೂ. ಎತ್ಕೊಂಡ್ರೆ ನನಗೆ ಖುಷಿಯಾಗತ್ತೆ. ಆಗಬಾರದು."

ಅವಳು ಒಗೆಯುವ ಕಲ್ಲಿನ ಮೇಲೆ ಕೂತಳು. ಮಗುವಿನ ಮುಖದ ಮೇಲಿನ ಸೀರೆ ಸರಿಸಿ, "ಖುಷಿ ಪಡೋಕೆ ಬೇಡ. ಅಳೋಕೆ ಎತ್ಕೊಳ್ಳಿ," ಎಂದಳು.

ಅವನು ಕೈ ಚಾಚಿದ. ಯಂತ್ರದ ಭಾಗಗಳನ್ನು ಬಿಚ್ಚಿ ಜೋಡಿಸಿ ಗೊತ್ತಿದ್ದ ಕೈಗಳಿಗೆ ಇದನ್ನು ಎಲ್ಲಿ ಹಿಡಿಯಬೇಕೆಂದು ತಿಳಿಯಲಿಲ್ಲ. ಅವಳೇ ಕತ್ತಿನ ಕೆಳಗೆ ಅವನ ಅಂಗೈ ತಂದಿಟ್ಟಳು. ಎರಡು ದಿನದಿಂದ ಬಾರದ ಅಳು ಆಗ ಬಂತು. ಗಂಡಸರು ಹಾಗೆ ಅಳುವುದನ್ನು ಅವಳು ಕೇಳಿರಲಿಲ್ಲ. ಮಗು ಬೆಚ್ಚಿ ಎದ್ದು ತಾನೂ ಕಿರುಚಿತು. ಬುತ್ತಿ ಹಿಡಿದೇ ಬಾಗಿಲಿಗೆ ಬಂದ ಯಶೋದಮ್ಮ ಇಬ್ಬರನ್ನೂ ನೋಡಿ ವಾಪಸು ಒಳಗೆ ಹೋದರು.

ಅತ್ತು ಹಗುರಾದ ಎನ್ನುವಂತಿರಲಿಲ್ಲ. ಮಗುವನ್ನು ವಾಪಸು ಕೊಡುತ್ತಾ ಅವನು ಮಿಕ್ಕದ್ದನ್ನು ಹೇಳಿದ. ಯಾರು ಯಾರೆಂದು ಗುರುತು ಹಿಡಿಯಲು ತನ್ನನ್ನು ಕರೆದಿದ್ದಾರೆ. ಉರಿದು ಉಳಿದದ್ದನ್ನು ನೋಡಿ ಹೇಳಬೇಕು. ಮೂವರನ್ನೂ ಹತ್ತಿರದಿಂದ ಬಲ್ಲವರು ಅಲ್ಲಿ ಇನ್ನಾರೂ ಇಲ್ಲ. ವರ್ಗೀಸನ ಹೆಂಡತಿಗೆ ಏನೆಂದು ಹೇಳುವುದು, ಇದು ನನ್ನ ರಜೆಯ ಬೆಲೆ ಅಂತಲೇ?

"ಮತ್ತೆ ಅದನ್ನ ಹತ್ತುತ್ತೀರಾ?" ಎಂದು ಅವಳು ಕೇಳಿದಳು.

"ಬೇರೆ ಹೆಲಿಕಾಪ್ಟರ್ ಕಳಿಸ್ತಾರೆ. ಇನ್ಯಾರು ಹತ್ತಬೇಕು?"

ಅವನ ಜಟಕಾ ತಿರುವಿನಲ್ಲಿ ಮರೆಯಾದ ಮೇಲೆ ಯಶೋದಮ್ಮ ಮಗಳು ತುಳಿದ ನಡುಮನೆಯನ್ನು ನೀರು ಹಾಕಿ ತೊಳೆದರು. ಅನಂತಲಕ್ಷ್ಮಿ ಕೋಣೆಯೊಳಗಿಂದಲೇ, ನಾಳೆ ಹೆಸರಿಡುವುದು ಬೇಡ ಎಂದಳು. ಚಕ್ರಪಾಣಿ ಕೇಳಿಸದವರಂತೆ ಪೇಪರು ಮಡಿಸಿದರು.

ಬೆಳಿಗ್ಗೆ ಸ್ನಾನ ಮುಗಿಸಿ, ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡು ಅವಳೇ ಬೀದಿ ಬಾಗಿಲಿಗೆ ಬಂದು ನಿಂತಳು. ಅಪ್ಪ ಹಿಂದೆ ಬಂದು ನಿಂತದ್ದು ಗೊತ್ತಿತ್ತು. ಅವರೆದುರು ಜೋರಾಗಿ ಮಾತಾಡಿದವಳಲ್ಲ ಅವಳು. ಹೂವಿನ ಬುಟ್ಟಿ ಹಿಡಿದು ಮೊದಲು ಬಂದವರು ನೀಲಮ್ಮ. ಪುರೋಹಿತರೂ ತಿರುವಿನಲ್ಲಿ ಕಾಣಿಸಿದರು.

"ಇವತ್ತು ನಾಮಕರಣ ಇಲ್ಲ ನೀಲಮ್ಮನೋರೇ," ಅಂದಳು. "ನಮ್ಮನೇಲಿ ಸೂತಕ."

"ಅಯ್ಯೋ, ಯಾರಮ್ಮ ಹೋದೋರು?"

"ನಮ್ಮನೆಯೋರೇ. ಬಲವಂತ್ ಸಿಂಗು, ಮಜುಮ್‌ದಾರು, ವರ್ಗೀಸು."

ನೀಲಮ್ಮ ಅವಳನ್ನೂ ಅವಳ ಹಿಂದಿದ್ದ ಚಕ್ರಪಾಣಿಯವರನ್ನೂ ನೋಡಿದರು. ಚಕ್ರಪಾಣಿ ಚಪ್ಪಲಿ ಮೆಟ್ಟಿಕೊಂಡು ಪುರೋಹಿತರಿಗೆ ಇವತ್ತು ನಾಮಕರಣವಿಲ್ಲ ಎಂದು ಹೇಳಲು ಮೆಟ್ಟಿಲಿಳಿದು ನಡೆದರು. ಮಗು ಒಳಗೆ ಹಸಿದು ಅಳುತ್ತಿತ್ತು. ಅದಕ್ಕಿನ್ನೂ ಕರೆಯಲು ಹೆಸರಿರಲಿಲ್ಲ. ಗಂಡನ ರೈಲು ಎಲ್ಲಿಯವರೆಗೆ ಹೋಗಿರಬಹುದು ಎಂದು ಯೋಚಿಸುತ್ತಾ ಅವಳು ಬಾಗಿಲು ಹಿಡಿದೇ ನಿಂತಿದ್ದಳು.