ಪ್ಯಾಂಟಿಗೊಂದು ತುತ್ತು ರೊಟ್ಟಿ

ಈಚೆಗೆ ನಮ್ಮ ಮನೆಯಲ್ಲೇ ಇದ್ದ ನನ್ನ ಅಕ್ಕ ನೀಲಕ್ಕ ಕಳೆದ ಕೊನೆಯ ಸಾಧಾರಣ ದಿನ ಒಂದು ಭಾನುವಾರ. ಸಾಧಾರಣ ಎಂದು ಈಗ ಅನ್ನುತ್ತಿದ್ದೇನೆ. ಅವತ್ತು ಅವಳು ಅಡುಗೆಮನೆಯಲ್ಲಿ ಎಬ್ಬಿಸಿದ ಹೊಗೆಗೆ ಪಕ್ಕದ ಮನೆಯವರು ಬಂದು ಬಾಗಿಲು ಬಡಿದಿದ್ದರು. ನನ್ನ ಸೊಸೆಯ ಹತ್ತಿರ ಕುಕ್ಕರಿನಲ್ಲಿ ಕೇಕು ಮಾಡುವುದನ್ನು ಕಲಿಯುತ್ತಿದ್ದಳು. ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅಕ್ಕ ಸಕ್ಕರೆಯ ಜಾಗಕ್ಕೆ ಬೆಲ್ಲ ತಂದಳು, ವೆನಿಲ್ಲಾ ಬೇಡವೆಂದು ಏಲಕ್ಕಿ ಕುಟ್ಟಿದಳು, ಕೊನೆಗೆ ತಳ ಹಿಡಿಯಬಾರದೆಂದು ಹೋಳಿಗೆಗೆ ಸುರಿಯುವಷ್ಟು ತುಪ್ಪ ಸುರಿದಳು. ತಳ ಹಿಡಿಯಿತು.

“ಕೇಕು ಸುಟ್ಟಿಲ್ಲಲೇ,” ಎಂದಳು ನನಗೆ, “ಬೆಲ್ಲ ಸುಟ್ಟೈತಿ. ಕೇಕು ಒಳಗ ಚಲೋ ಐತಿ. ಮುಂದಿನ ವಾರ ಮತ್ತ ಮಾಡೂಣು.”

ಅವಳಿಗೆ ಅರವತ್ತೆಂಟು ದಾಟಿತ್ತು. ಬುಧವಾರ ನಸುಕಿನಲ್ಲಿ ಎದೆ ನೋವೆಂದಳು. ಆಸ್ಪತ್ರೆ ಮುಟ್ಟುವುದರೊಳಗೆ ಮುಗಿಯಿತು. ಸುಟ್ಟ ಬೆಲ್ಲದ ವಾಸನೆ ಮಾತ್ರ ನಮ್ಮ ಅಡುಗೆಮನೆ ಬಿಟ್ಟು ಹೋಗಲು ಇನ್ನೂ ಕೆಲವು ದಿನ ತೆಗೆದುಕೊಂಡಿತು. ಬಂದವರೆಲ್ಲ ಮೂಗರಳಿಸಿ, ಕೇಳಬೇಕೋ ಬೇಡವೋ ಎಂದು ಸುಮ್ಮನಾಗುತ್ತಿದ್ದರು.

ಹೋದವರ ಬಗ್ಗೆ ಬರೆಯಲು ಕೂತರೆ ದೊಡ್ಡ ದೊಡ್ಡ ಮಾತುಗಳು ಬರಬೇಕು. ನನಗೆ ನೆನಪಾಗುವುದು ಒಂದು ಪ್ಯಾಂಟು. ಅದೂ ನಮ್ಮ ಮನೆಯವರದಲ್ಲ, ಸಿರುಗುಪ್ಪದ ಯಾವನೋ ಮದುಮಗನದು.

ಪ್ಯಾಂಟಿಗೆ ಬರುವ ಮೊದಲು ಕೌದಿಯ ಮಾತು ಹೇಳಬೇಕು. ನೀವು ಕೌದಿ ಹೊದ್ದಿದ್ದೀರಾ? ಹಳೆಯ ಸೀರೆ, ಧೋತರ, ಕುಪ್ಪಸ ಎಲ್ಲವನ್ನೂ ಪದರ ಪದರವಾಗಿ ಹಾಸಿ, ಒತ್ತೊತ್ತಾಗಿ ಹೊಲಿಗೆ ಹಾಕಿ ಮಾಡಿದ್ದು. ಹೊದ್ದರೆ ಮನೆಯವರೆಲ್ಲ ಮೈಮೇಲೆ ಮಲಗಿದಂತೆ ಭಾರ. ಕುರುಗೋಡಿನ ನಮ್ಮ ಮನೆಯಲ್ಲಿ ಅವ್ವನಿಗೆ ಒಂದು ಪದ್ಧತಿಯಿತ್ತು. ಕೌದಿಯ ಕೊನೆಯ ಮೂಲೆಯನ್ನು ಮುಚ್ಚುವ ಮೊದಲು ಒಳಗೊಂದು ಚೂರು ಜೋಳದ ರೊಟ್ಟಿ ಇಡುವುದು. ಕೌದಿ ಹಸಿದಿರಬಾರದು, ಹಸಿದ ಕೌದಿಯನ್ನು ಹೊದ್ದವರಿಗೂ ಹೊಟ್ಟೆ ತುಂಬುವುದಿಲ್ಲ ಎಂದು ಅವಳ ನಂಬಿಕೆ. ಹಾಗಾದರೆ ಇಲಿ ಕಡಿಯುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಕಡಿಯುತ್ತಿತ್ತು. ಅದಕ್ಕೇ ನಮ್ಮ ಮನೆಯಲ್ಲಿ ಪ್ರತಿ ಬೇಸಿಗೆಗೂ ಕೌದಿ ಹೊಲಿಯುವ ಕೆಲಸ ಇರುತ್ತಿತ್ತು.

ಅಕ್ಕ ಕೌದಿ ಹೊಲಿಯುವುದರಲ್ಲಿ ಅವ್ವನನ್ನೂ ಮೀರಿಸಿದ್ದಳು. ಎಪ್ಪತ್ತರ ದಶಕದ ನಡುವೆ, ಅವಳಿಗೆ ಹತ್ತೊಂಬತ್ತು, ನನಗೆ ಹದಿನೇಳು ಇದ್ದಾಗ, ಬಳ್ಳಾರಿಗೆ ಹೋಗಿ ಮಿಷನ್ನಿನ ಹೊಲಿಗೆ ಕಲಿಯುತ್ತೇನೆಂದು ಹಟ ಹಿಡಿದಳು. ಅವಳು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು. ನಾನು ಹತ್ತನೆಯದರಲ್ಲಿ ಗಣಿತದ ಕೈಯಲ್ಲಿ ಸಿಕ್ಕಿ ಮನೆಗೆ ಬಂದವಳು. ಇಬ್ಬರಿಗೂ ಗಂಡು ಹುಡುಕುವುದೊಂದೇ ಬಾಕಿ ಎಂದು ಅಪ್ಪ ತಿಳಿದಿದ್ದ.

“ಹೊಲಿಯಾಕ ಬರ್ತೈತಲ್ಲ ನಿನಗ,” ಎಂದ ಅಪ್ಪ. “ಊರ ಮಂದಿಯೆಲ್ಲಾ ನಿನ್ನ ಕೌದಿ ಕೇಳಿಕೊಂಡು ಬರ್ತಾರ. ಇನ್ನೇನು ಕಲೀತಿ?”

“ಕೌದಿಗಿ ಕಾಲಿಲ್ಲಪ್ಪ,” ಎಂದಳು ಅಕ್ಕ. “ಪ್ಯಾಂಟಿಗಿ ಎರಡು ಅದಾವ.”

ಅಪ್ಪನಿಗೆ ನಗು ಬಂದುಬಿಟ್ಟಿತು. ನಕ್ಕ ಮೇಲೆ ಇಲ್ಲವೆನ್ನುವುದು ಕಷ್ಟ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಅಪ್ಪನ ಅಂಗಿ ಹೊಲಿಯುತ್ತಿದ್ದ ಮಹಬೂಬ್ ಮಾಸ್ತರರ ಅಂಗಡಿಗೆ ಹೋಗಬಹುದು ಎಂದಾಯಿತು. ಬೆಳಗಿನ ಬಸ್ಸಿಗೆ ಹೋಗಿ ದೀಪ ಹಚ್ಚುವುದರೊಳಗೆ ಬರಬೇಕು. ಇಬ್ಬರೂ ಜೊತೆಗೇ ಇರಬೇಕು. ಕೊನೆಯ ಮಾತನ್ನು ಅಪ್ಪ ಬಾಗಿಲಲ್ಲಿ ನಿಂತು ಹೇಳಿದ: “ಎಲ್ಲಿಂದರ ಒಂದು ದೂರು ಬಂತಂದ್ರ ಅವತ್ತಿಗೇ ಮುಗೀತು. ಮತ್ತ ಕೇಳಬ್ಯಾಡ್ರಿ.” ಅಪ್ಪ ಮಾತಿನ ಮನುಷ್ಯ. ಹೌದೆಂದರೂ ಇಲ್ಲವೆಂದರೂ ಅದನ್ನು ತಿರುಗಿಸಿದ್ದನ್ನು ನಾವು ಕಂಡಿರಲಿಲ್ಲ.

ಮಾಸ್ತರರ ಅಂಗಡಿ ನಮ್ಮ ದನದ ಕೊಟ್ಟಿಗೆಗಿಂತ ಸಣ್ಣದು. ಮೊದಲ ಕೆಲವು ದಿನ ನಮಗೆ ಬಟ್ಟೆಯನ್ನೇ ಮುಟ್ಟಗೊಡಲಿಲ್ಲ. ದಾರವಿಲ್ಲದ ಸೂಜಿ, ಹಳೆಯ ಪೇಪರು, ಅದರ ಮೇಲೆ ಗೆರೆ. ಗೆರೆ ಹಿಡಿದು ಮಿಷನ್ನು ತುಳಿಯಬೇಕು. ಅಕ್ಕನ ತೂತುಗಳು ಗೆರೆಯ ಮೇಲೆ ಇರುವೆ ಸಾಲಿನಂತೆ ಹೋದವು. ನನ್ನವು ಬೇಸಿಗೆಯ ಹಗರಿ ಹೊಳೆಯ ನೀರಿನಂತೆ, ಒಮ್ಮೆ ಈ ದಂಡೆ, ಒಮ್ಮೆ ಆ ದಂಡೆ. ಮಾಸ್ತರರು ಎರಡು ದಿನ ನೋಡಿ, ನನ್ನನ್ನು ಮಿಷನ್ನಿನಿಂದ ಎಬ್ಬಿಸಿ ಗುಂಡಿ ಹಚ್ಚಲು, ಗುಂಡಿ ತೂರುವ ಕಾಜಾ ಮಾಡಲು ಕೂರಿಸಿದರು. ಅಲ್ಲಿಯೂ ನಾನು ಕೈ ಬಿಗಿ ಹಿಡಿದವಳಲ್ಲ.

“ಬೇಟಿ,” ಎಂದರು ಒಂದು ಸಲ ನನ್ನ ಕಾಜಾವನ್ನು ಬೆಳಕಿಗೆ ಹಿಡಿದು, “ಇದರಾಗ ಗುಂಡಿ ಅಷ್ಟ ಅಲ್ಲ, ಗುಂಡಿ ಹಚ್ಚಿದಾಕಿನೂ ಪಾರಾಗ್ತಾಳ.”

ಆದರೆ ಆ ದಿನಗಳಲ್ಲಿ ಕಲಿತದ್ದು ಹೊಲಿಗೆಯೊಂದೇ ಅಲ್ಲ. ಕಂಡಕ್ಟರನಿಗೆ ಎಲ್ಲಿಗೆಂದು ಬಾಯಿಬಿಟ್ಟು ಹೇಳುವುದನ್ನು ನಾನು ಕಲಿತದ್ದು ಆಗಲೇ. ಮೊದಲ ದಿನ ನನ್ನ ದನಿ ಹೊರಡದೆ, ಬೆರಳಿನಿಂದ ಬಳ್ಳಾರಿಯ ದಿಕ್ಕು ತೋರಿಸಿದ್ದೆ. ಆತ, “ಆ ಕಡಿ ಭಾಳ ಊರು ಅದಾವವ್ವ” ಎಂದಿದ್ದ. ಹೋಟೆಲಿನಲ್ಲಿ ಕೂತು ಚಹಾ ಕುಡಿಯುವುದು, ಆಂಧ್ರದಿಂದ ಬಂದ ಗಿರಾಕಿಗೆ ತೆಲುಗಿನಲ್ಲಿ ಕೂತ್ಕೊಳ್ಳಿ ಎನ್ನುವುದು, ಗಂಡಸರ ಸೊಂಟದ ಅಳತೆಯನ್ನು ಮಾಸ್ತರರು ಕೂಗಿದಾಗ ನಗದೆ ಬರೆದುಕೊಳ್ಳುವುದು. ಈ ಕೊನೆಯದು ನಮಗಿಬ್ಬರಿಗೂ ಪೂರ್ತಿ ಬರಲೇ ಇಲ್ಲ.

ಅಷ್ಟರಲ್ಲಿ ಬೆಲ್‌ಬಾಟಮ್ ಬಂತು. ಮೊಣಕಾಲಿನ ತನಕ ಬಿಗಿ, ಅಲ್ಲಿಂದ ಕೆಳಗೆ ಲಂಗದಂತೆ ಅಗಲ. ಸಿರುಗುಪ್ಪದ ಭತ್ತದ ಮನೆತನವೊಂದರಿಂದ ಮದುಮಗನಿಗೆಂದು ಕಾಫಿಪುಡಿ ಬಣ್ಣದ ಬಟ್ಟೆ ಬಂದಿತ್ತು. ಮಾಸ್ತರರೇ ಕತ್ತರಿಸಿದರು, ಅವರೇ ಹೊಲಿದರು. ಕೆಳಗಿನ ಅಗಲವಾದ ಮಡಿಕೆಯನ್ನು ಕೈಯಿಂದ ಹೊಲಿದು ಮುಚ್ಚುವ ಕೆಲಸವನ್ನು ಮಾತ್ರ ಅಕ್ಕನಿಗೆ ಕೊಟ್ಟರು. ಗಿರಾಕಿಯ ಬಟ್ಟೆ ಅವಳ ಕೈಗೆ ಬಂದದ್ದು ಅದೇ ಮೊದಲು. ಮಧ್ಯಾಹ್ನದ ಹೊತ್ತು, ನಾವು ಬುತ್ತಿ ಬಿಚ್ಚಿದ್ದೆವು. ಅಕ್ಕ ಅರ್ಧ ರೊಟ್ಟಿ ತಿಂದು, ಕೈ ತೊಳೆದು ಬಂದು, ಮತ್ತೆ ಪ್ಯಾಂಟು ಹಿಡಿದು ಕೂತಳು. ನಾನು ಕಾಜಾದಲ್ಲಿ ಮುಳುಗಿದ್ದೆ. ಏನನ್ನೂ ನೋಡಲಿಲ್ಲ.

ಮದುವೆಗೆ ಎರಡು ದಿನ ಇರುವಾಗ ಮದುಮಗನ ತಾಯಿ ಶರಣಮ್ಮ ಅಂಗಡಿಯ ಮೆಟ್ಟಿಲು ಹತ್ತಿದರು. ಎತ್ತರದ ಹೆಂಗಸು, ಹಣೆಯ ತುಂಬ ವಿಭೂತಿ. ಅವತ್ತೇ ಅಪ್ಪ ಹತ್ತಿಯ ಗಾಡಿಯ ಜೊತೆ ಬಳ್ಳಾರಿಗೆ ಬಂದವನು, ನಮ್ಮನ್ನು ನೋಡಿಕೊಂಡು ಹೋಗೋಣವೆಂದು ಅಂಗಡಿಯ ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದ. ದೇವರು ಕೆಲವು ದಿನ ಬೇಕೆಂದೇ ಎಲ್ಲರನ್ನೂ ಒಂದೇ ಕಡೆ ಕೂರಿಸುತ್ತಾನೆ.

ಶರಣಮ್ಮ ಚೀಲದಿಂದ ಪ್ಯಾಂಟು ತೆಗೆದು ಮೇಜಿನ ಮೇಲೆ ಹರವಿದರು. ಒಂದು ಕಾಲಿನ ಕೆಳಗೆ ಅಂಗೈಯಗಲ ತೂತು.

“ಮಾಸ್ತರ್ರಾ, ನಾವು ಬೆಲ್‌ಬಾಟಮ್ ಹೇಳಿದ್ವಿ. ಜಾಳಿಗಿ ಹೇಳಿದ್ದಿಲ್ಲ.”

ಮಾಸ್ತರರು ಕನ್ನಡಕ ಏರಿಸಿ ನೋಡಿದರು. “ಇಲಿ ಕಡದೈತಿ ತಾಯಿ. ನಿಮ್ಮ ಮನಿ ಇಲಿ. ನಾವೇನು ಮಾಡಾಕ ಬರ್ತೈತಿ?”

“ನಮ್ಮ ಮನ್ಯಾಗ ಭತ್ತದ ಚೀಲ ಅದಾವ. ಬೆಲ್ಲ ಐತಿ. ಮದಿವಿ ಮನಿ, ಬುಟ್ಟಿ ತುಂಬ ಕರ್ಚಿಕಾಯಿ ಐತಿ. ಅವೆಲ್ಲಾ ಬಿಟ್ಟು ಇಲಿ ಪ್ಯಾಂಟಿಗಿ ಯಾಕ ಬಂತು? ನೀವ ಹೇಳ್ರಿ.”

ಮಾಸ್ತರರು ಇಲಿ ಮುಟ್ಟದ ಇನ್ನೊಂದು ಕಾಲನ್ನು ಎತ್ತಿ, ಮಡಿಕೆಯ ಹೊಲಿಗೆ ಬಿಚ್ಚಿದರು. ಮೇಜಿನ ಮೇಲೆ ಉಗುರಿನಷ್ಟು ರೊಟ್ಟಿಯ ಚೂರೊಂದು ಬಿತ್ತು. ಅದನ್ನು ಮೂಸಿ ನೋಡಿದರು.

“ಶೇಂಗಾ ಚಟ್ನಿ,” ಎಂದರು.

ಅಪ್ಪ ಚಹಾದ ಲೋಟ ಕೆಳಗಿಟ್ಟ.

“ನಾನ ಇಟ್ಟೀನಿ,” ಎಂದಳು ಅಕ್ಕ.

“ಯಾಕ?” ಎಂದರು ಮಾಸ್ತರರು.

“ಹಸದು ಹೋಗಬಾರದು ಅಂತ.”

“ಯಾರು?”

“ಪ್ಯಾಂಟು.”

ನನಗೆ ನಗು ಬಂತು, ಅಳುವೂ ಬಂತು. ಎರಡೂ ಒಟ್ಟಿಗೆ ಬಂದದ್ದರಿಂದ ಬಿಕ್ಕಳಿಕೆ ಹತ್ತಿತು. ಅಪ್ಪ ಎದ್ದು ಹೆಗಲ ಟವಲ್ಲು ಕೊಡವಿದ. ಕೂಗಾಡಲಿಲ್ಲ. ಕೂಗಾಡಿದ್ದರೆ ಸಮಾಧಾನವಾಗುತ್ತಿತ್ತು.

“ದೂರು ಬಂತು,” ಎಂದ. “ನಡೀರಿ ಮನಿಗಿ.”

ಅಕ್ಕ ಸೂಜಿಯನ್ನು ದಾರದ ಉಂಡೆಗೆ ಚುಚ್ಚಿಟ್ಟಳು. ಅವಳ ಮುಖ ನೋಡಿದೆ. ಎಷ್ಟೋ ಸಲ ಅವಳ ಮುಖ ನೋಡಿದ್ದೇನೆ, ಅಷ್ಟು ಖಾಲಿಯಾಗಿ ಮತ್ತೆಂದೂ ನೋಡಲಿಲ್ಲ.

“ಏನ್ ದೂರು? ಯಾರ ದೂರು?” ಶರಣಮ್ಮ ಅಪ್ಪನ ಕಡೆ ತಿರುಗಿದರು. “ನಾನು ಪ್ಯಾಂಟು ತಂದೀನಪ್ಪ. ದೂರು ತಂದಿಲ್ಲ.”

ಅಪ್ಪ ನಿಂತಲ್ಲೇ ನಿಂತ. ಶರಣಮ್ಮ ಅಕ್ಕನನ್ನು ಕೇಳಿದರು, “ಯಾವೂರಾಕಿ ನೀ?”

“ಕುರುಗೋಡ್ರಿ.”

“ನಮ್ಮವ್ವನೂ ಇಡತಿದ್ಲು, ಕೌದ್ಯಾಗ. ಆದ್ರ ಚಟ್ನಿ ಹಚ್ಚತಿದ್ದಿಲ್ಲವ್ವ.”

“ಬರೇ ರೊಟ್ಟಿ ಹೆಂಗ ಕೊಡಾದ್ರಿ?” ಎಂದಳು ಅಕ್ಕ ಮೆಲ್ಲಗೆ. “ನಂದು ಮೊದಲನೇ ಪ್ಯಾಂಟು ಅಲ್ಲೇನ್ರಿ?”

ಮೊದಲು ನಕ್ಕವರು ಮಾಸ್ತರರು. ಆಮೇಲೆ ಶರಣಮ್ಮ. ಅವರ ನಗು ಬೀದಿಗೆ ಕೇಳಿ, ಎದುರಿನ ಬೀಗ ರಿಪೇರಿಯವನು ಎದ್ದು ನೋಡಿದ. ಅಪ್ಪ ನಗಲಿಲ್ಲ, ಆದರೆ ಕೂತ. ದೂರು ತಂದಿಲ್ಲವೆಂದು ತಂದವರೇ ಹೇಳಿದ ಮೇಲೆ ಮಾತಿನ ಮನುಷ್ಯ ಏನು ಮಾಡಬೇಕು?

ಎರಡೂ ಕಾಲನ್ನು ನಾಲ್ಕು ಬೆರಳು ಮೇಲಕ್ಕೆ ಕತ್ತರಿಸಿ ಹೊಸದಾಗಿ ಮಡಿಸುವುದೆಂದಾಯಿತು. ಮಾಸ್ತರರು ಕತ್ತರಿಸಿ, ಪ್ಯಾಂಟನ್ನು ಮತ್ತೆ ಅಕ್ಕನ ಮಡಿಲಿಗೇ ಹಾಕಿದರು. ಗಿಡ್ಡ ಆಗುತ್ತದೆ, ಕಾಲುಚೀಲ ಕಾಣುತ್ತದೆ ಎಂದು ಅವರು ಸಂಕೋಚಪಟ್ಟರೆ ಶರಣಮ್ಮ, “ಕಾಲುಚೀಲ ಹೊಸಾವು, ಕಾಣ್ಲಿ ಬಿಡ್ರಿ. ಲಗ್ನಕ್ಕ ಹೆಂಗೂ ಪಂಚಿ ಉಡತಾನ, ಇದು ಮೆರವಣಿಗಿಗಿ ಅಷ್ಟ” ಎಂದರು.

ಅಕ್ಕ ಹೊಲಿಯುತ್ತಿದ್ದಷ್ಟು ಹೊತ್ತೂ ಅಪ್ಪ ಅವಳ ಕೈಯನ್ನೇ ನೋಡುತ್ತಿದ್ದ. ಮನೆಯಲ್ಲಿ ಅವಳು ಹೊಲಿಯುವಾಗ ಆತ ಒಮ್ಮೆಯೂ ನೋಡಿದವನಲ್ಲ. ನೋಡುವಂಥದ್ದು ಅದರಲ್ಲಿ ಏನಿದೆ? ಮಾಸ್ತರರು ಅಪ್ಪನ ಪಕ್ಕಕ್ಕೆ ಬಂದು, “ಆ ಪ್ಯಾಂಟಿಗೆ ಇಸ್ತ್ರಿ ನಾನ ಹೊಡದೀನಿ. ಒಳಗ ರೊಟ್ಟಿ ಐತಿ ಅಂತ ನನ್ನ ಕೈಗೆ ಗೊತ್ತಾಗಲಿಲ್ಲ ನೋಡ್ರಿ” ಎಂದರು. ಬೈದರೋ ಹೊಗಳಿದರೋ ಅಪ್ಪನಿಗೆ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ.

ಶರಣಮ್ಮ ಪ್ಯಾಂಟನ್ನು ಚೀಲಕ್ಕೆ ಹಾಕುವ ಮೊದಲು ಮಡಿಕೆಯನ್ನು ಹಿಚುಕಿ ನೋಡಿ, “ಉಪವಾಸ ಕಳಸಾಕತ್ತೀಯಲ್ಲ?” ಎಂದರು. ಅವರು ಹೋದ ಮೇಲೆ ಅಪ್ಪ ಚಪ್ಪಲಿ ಮೆಟ್ಟಿದ. ನಾವಿಬ್ಬರೂ ಎದ್ದು ನಿಂತೆವು. ಅಪ್ಪ ನಮ್ಮ ಕಡೆ ನೋಡದೆ, ಬೀದಿಯ ಕಡೆ ಮುಖ ಮಾಡಿ ಹೇಳಿದ: “ಸಂಜಿ ಬಸ್ಸು ತಪ್ಪಿಸಿಕೋಬ್ಯಾಡ್ರಿ.”

ಒಬ್ಬನೇ ಇಳಿದು ಹೋದ.

ಅಲ್ಲಿಂದ ಮುಂದೆ ಅಕ್ಕನನ್ನು ಹಿಡಿಯುವವರಿರಲಿಲ್ಲ. ವರ್ಷ ಕಳೆಯುವುದರೊಳಗೆ ಕತ್ತರಿ ಅವಳ ಕೈಗೆ ಬಂತು. ಮದುವೆಯಾಗಿ ಬಾದನಹಟ್ಟಿಗೆ ಹೋದಾಗ ಅವಳ ಜೊತೆ ಒಂದು ಮಿಷನ್ನೂ ಹೋಯಿತು. ಅಲ್ಲಿ ಗಂಡನ ಸೈಕಲ್ಲು ಕಲಿಯಲು ಹೋಗಿ ಎಮ್ಮೆಗೆ ಗುದ್ದಿದಳು. ಎಮ್ಮೆ ಎದ್ದು ಹೋಯಿತು, ಇವಳು ಹದಿನೈದು ದಿನ ಕುಂಟಿದಳು, ಹದಿನಾರನೆಯ ದಿನ ಮತ್ತೆ ಹತ್ತಿದಳು. ಬಸ್ಸಿನ ಬೋರ್ಡು ನೋಡಿ ನೋಡಿ ತೆಲುಗು ಅಕ್ಷರ ಕಲಿತಳು. ಹೊಸದಕ್ಕೆ ಹೊರಟಾಗೆಲ್ಲ ಮೊದಲೇ ತನಗೆ ಬರುತ್ತಿದ್ದುದನ್ನೂ ಕಟ್ಟಿಕೊಂಡು ಹೋಗುತ್ತಿದ್ದಳು. ಅದರಿಂದ ಒಂದಿಷ್ಟು ಕೆಡುತ್ತಿತ್ತು. ಕೆಟ್ಟದ್ದನ್ನು ಅಲ್ಲೇ ಕೂತು ಸರಿ ಮಾಡಿ ಏಳುತ್ತಿದ್ದಳು. ಈಗಿನ ಮಕ್ಕಳಿಗೆ ಕಲಿಯಲು ಏನೆಲ್ಲ ಇದೆ. ಆದರೆ ಕೆಡಿಸಿದ ಮೇಲೂ ಅದೇ ಕೆಲಸವನ್ನು ಮಡಿಲಿಗೆ ಹಾಕುವ ಮಾಸ್ತರರು ಎಲ್ಲರಿಗೂ ಸಿಗಲಿ ಎಂದು ಬಯಸುತ್ತೇನೆ.

ನಾನು ಹೊಲಿಗೆ ಕಲಿಯಲಿಲ್ಲ. ಆದರೆ ದಿನವೂ ಬಳ್ಳಾರಿಗೆ ಹೋಗಿ ಬಂದು ಬಾಯಿ ಬಂದಿತ್ತು. ಮರುವರ್ಷ ಒಬ್ಬಳೇ ಹೋಗಿ ಗಣಿತದ ಪರೀಕ್ಷೆಗೆ ಮತ್ತೆ ಕಟ್ಟಿ, ಮೂರನೆಯ ಸಲಕ್ಕೆ ದಾಟಿದೆ. ಬಾಲವಾಡಿ ಟೀಚರಾದೆ. ಪುಟ್ಟ ಮಕ್ಕಳು ಚಿತ್ರಕ್ಕೆ ಬಣ್ಣ ಹಚ್ಚುವಾಗ ಗೆರೆ ದಾಟಿದರೆ ನಾನು ಒಂದು ದಿನವೂ ಬೈದವಳಲ್ಲ. ಗೆರೆಯ ಮೇಲೆ ಹೋಗುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತಿತ್ತು.

ಅಕ್ಕನ ಎಲ್ಲ ಕಾರ್ಯ ಮುಗಿದು ಮನೆ ಖಾಲಿಯಾದ ಮೇಲೆ ಹಗಲು ಹೋಗುವುದೇ ಕಷ್ಟವಾಯಿತು. ನಮ್ಮ ಓಣಿಯಲ್ಲಿ ಶನಿವಾರ ಹೆಂಗಸರಿಗೆ ವಚನ ಹಾಡಲು ಕಲಿಸುತ್ತಾರೆ. ಸೇರಿಕೊಂಡೆ. ಕಲಿಸುವ ಹುಡುಗಿ ನನ್ನ ಮೊಮ್ಮಗಳ ವಯಸ್ಸಿನವಳು. ಮೊನ್ನೆ ಎಲ್ಲರೂ ಹಾಡಿ ನಿಲ್ಲಿಸಿದ ಮೇಲೂ ನಾನು ಕಣ್ಣು ಮುಚ್ಚಿಕೊಂಡು ಒಬ್ಬಳೇ ಹಾಡುತ್ತಿದ್ದೆ. ಕಣ್ಣು ಬಿಟ್ಟರೆ ಎಲ್ಲರೂ ಚೀಲ ಹಿಡಿದು ನಿಂತಿದ್ದಾರೆ. ಆ ಹುಡುಗಿ ಹಾರ್ಮೋನಿಯಂ ಮುಚ್ಚಿ, “ನಿಮ್ಮ ಶ್ರುತಿ ಬ್ಯಾರೆ ಊರಾಗ ಐತ್ರಿ ಅಜ್ಜಿ, ಬರ್ತೈತಿ ತಗೋರಿ” ಎಂದಳು. ದಾರಿಯುದ್ದಕ್ಕೂ ನಗುತ್ತಾ ಬಂದೆ. ಇದನ್ನು ಎಲ್ಲಿಂದ ಶುರು ಮಾಡಿ ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಮನಸ್ಸಿನಲ್ಲೇ ಹೊಂದಿಸಿಕೊಂಡೆ.

ಮನೆಗೆ ಬಂದು ಚಪ್ಪಲಿ ಬಿಟ್ಟೆ. ಸೊಸೆ ಚಹಾ ಕೊಟ್ಟಳು, ಹೇಗಾಯಿತು ಎಂದಳು, ಚೆನ್ನಾಗಾಯಿತು ಎಂದೆ.

“ಇವತ್ತೇನು ಕೆಡಿಸಿದಿ, ಹೇಳಲೇ” ಎಂದು ಕೇಳುತ್ತಿದ್ದವಳು ಇಲ್ಲ.